ಬಂದೂಕಿಗೆ ಬಿಟ್ಟ ಜಾಗ

2017ರ ಆಯುಧಪೂಜೆ ಶುಕ್ರವಾರ ಬಂದಿತ್ತು. ಹೊನ್ನಪ್ಪ ಬೆಳಗಿನ ಐದಕ್ಕೇ ಗೋದಾಮಿಗೆ ಹೋಗಿ, ಯಾರೂ ನೋಡದ ಹಾಗೆ ತನ್ನ ಫೋರ್ಕ್‌ಲಿಫ್ಟಿನ ಸ್ಟೇರಿಂಗಿಗೆ ಕುಂಕುಮವಿಟ್ಟು, ಎಂಟು ಗಂಟೆ ದುಡಿದು, ಬ್ರಿಸ್ಬೇನಿನ ರನ್‌ಕಾರ್ನ್‌ನ ಮನೆಗೆ ಬರುವಷ್ಟರಲ್ಲಿ ಹೆಂಡತಿ ಅಹಲ್ಯಾ ದೇವರ ಮುಂದೆ ಎಲ್ಲವನ್ನೂ ಜೋಡಿಸಿಬಿಟ್ಟಿದ್ದಳು. ಈಳಿಗೆಮಣೆ, ಕತ್ತರಿ, ಎರಡು ಕಾರಿನ ಕೀಲಿ, ಇವನ ಸ್ಪ್ಯಾನರುಗಳು. ನಡುವೆ ಮಾತ್ರ ಕೆಂಪು ರವಿಕೆ ಬಟ್ಟೆ ಹಾಸಿ ಗೇಣುದ್ದದ ಜಾಗ ಖಾಲಿ ಬಿಟ್ಟಿದ್ದಳು.

“ಇದ್ಯಾರಿಗೇ?”

“ಚೈತನ್ಯಾಳ ಗನ್ನಿಗೆ. ಅವಳು ಪೊಲೀಸ್ ಆದ್ಮೇಲೆ ಮೊದಲ್ನೇ ಪೂಜೆ ಅಲ್ವೇನ್ರೀ? ಎಲ್ಲರಿಗೂ ಹೇಳ್ಬಿಟ್ಟಿದೀನಿ.”

ಹೊನ್ನಪ್ಪನ ಎದೆಯೂ ಉಬ್ಬಿತು. ನಾಲ್ಕು ವರ್ಷದ ಹಿಂದೆ ಆಗ ವಾಸವಿದ್ದ ಅಡಿಲೇಡಿನ ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಗಲ್ಲಾದಲ್ಲಿ ಕೂತಿದ್ದಾಗ, ಒಬ್ಬ ಚಾಕು ತಂದು ಇವನ ಕಿವಿಯಿಂದ ಕತ್ತಿನವರೆಗೆ ಸೀಳಿದ್ದ. ಕೋರ್ಟು ಅವನಿಗೆ ಕೊಟ್ಟಿದ್ದು ಐದು ವರ್ಷ ಜೈಲು. ಅಂದಿನಿಂದ ಯಾರ ಮನೆಯ ಊಟಕ್ಕೆ ಹೋದರೂ ಹೊನ್ನಪ್ಪನದು ಒಂದೇ ಮಾತು: ಈ ದೇಶಕ್ಕೆ ಗಲ್ಲುಶಿಕ್ಷೆ ವಾಪಸ್ ಬರಬೇಕು. ಮಗಳು ಬ್ರಿಸ್ಬೇನಿನಲ್ಲಿ ಕಾನ್‌ಸ್ಟೇಬಲ್ ಆದಾಗ ಆ ಬಂದೂಕು ತನ್ನ ಕೈಗೇ ಬಂದಂತೆ ಹಿಗ್ಗಿದ್ದ.

ಮೂರೂವರೆಗೆ ಚೈತನ್ಯಾ ಬಂದಳು. ಸಂಜೆ ಡ್ಯೂಟಿ, ಅರ್ಧ ಯೂನಿಫಾರ್ಮಿನಲ್ಲೇ ಇದ್ದಳು. ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಬಂದವಳು ರವಿಕೆ ಬಟ್ಟೆ ನೋಡಿ ತಲೆ ಚಚ್ಚಿಕೊಂಡಳು.

“ಅಮ್ಮಾ! ಗನ್ ಸ್ಟೇಷನ್ ಸೇಫಲ್ಲಿ ಇರತ್ತೆ. ಮನೆಗೆ ತರೋ ಹಾಗಿಲ್ಲ. ಐ ಟೋಲ್ಡ್ ಯೂ!”

“ಇಂಗ್ಲಿಷಲ್ಲಿ ಗೊಣಗಿದ್ರೆ ನಂಗೆ ಹೇಳ್ದಂಗಾ?”

ಸೋಫಾ ತುಂಬ ಕೂತಿದ್ದ ಬಾಲಸುಬ್ರಹ್ಮಣ್ಯ ಗಹಗಹಿಸಿದ. ಹೊನ್ನಪ್ಪನ ಹಳೆಯ ಗೆಳೆಯ, ಪರ್ತ್‌ ಕಡೆಯ ಗಣಿಯಲ್ಲಿ ಭೂವಿಜ್ಞಾನಿ. “ಅಲ್ರೀ ಅಹಲ್ಯಾ, ನಾನು ಐದು ಗಂಟೆ ಫ್ಲೈಟಲ್ಲಿ ಬಂದಿದ್ದು ನಿಮ್ಮ ಈಳಿಗೆಮಣೆ ನೋಡೋಕಾ?”

ಪೂಜೆಗೆ ಬಂದಿದ್ದ ಪಕ್ಕದ ಬೀದಿಯ ಅನುಗೆ ಗೆಳತಿ ಚೈತನ್ಯಾಳ ಮುಖ ಬಾಡಿದ್ದು ನೋಡಿ ತಡೆಯಲಾಗಲಿಲ್ಲ. “ಅಂಕಲ್, ಹೋದ ಭಾನುವಾರ ಫಾರೆಸ್ಟ್ ಲೇಕ್ ಸರ್ವೋದಲ್ಲಿ ಚಾಕು ಹಿಡ್ಕೊಂಡಿದ್ದವನ್ನ ಹಿಡಿದ್ರಲ್ಲ, ಹಿಡಿದಿದ್ದು ಇವಳೇ.”

ಹೊನ್ನಪ್ಪನ ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ನಿಂತಿತು. ಮಗಳು ಮನೆಯಲ್ಲಿ ಉಸಿರೆತ್ತಿರಲಿಲ್ಲ.

“ಶೂಟ್ ಮಾಡಿದ್ಯಾ?” ಬಾಲಸುಬ್ರಹ್ಮಣ್ಯ ಮುಂದಕ್ಕೆ ಬಾಗಿದ.

“ಇಲ್ಲ ಅಂಕಲ್. ಗನ್ ಅವನ ಕಡೆ ಹಿಡ್ದು ಮಾತಾಡ್ತಾ ಇದ್ದೆ. ನಲವತ್ತು ನಿಮಿಷ. ಆಮೇಲೆ ಚಾಕು ಕೆಳಗಿಟ್ಟ.”

“ಗನ್ ಇಟ್ಕೊಂಡು ಹರಿಕಥೆ ಮಾಡಿದ್ಯಾ? ಸರಿಹೋಯ್ತು! ಸರ್ಕಾರ ನೇಣು ಹಾಕಲ್ಲ, ಪೊಲೀಸರು ಗುಂಡು ಹಾರ್ಸಲ್ಲ. ನಿಮ್ಮಪ್ಪನ ಕತ್ತು ನೋಡಮ್ಮಾ ಒಂದ್ಸಲ.”

ಚೈತನ್ಯಾ ನೋಡಿದ್ದು ಕತ್ತನ್ನಲ್ಲ, ಅಪ್ಪನ ಕಣ್ಣನ್ನು. “ಅಪ್ಪ, ನೀನೇ ಹೇಳು. ನಾನು ಮಾಡಿದ್ದು ತಪ್ಪಾ?”

ಅಡುಗೆಮನೆಯ ಒಗ್ಗರಣೆ ಸದ್ದೂ ಆಗಲೇ ನಿಲ್ಲಬೇಕೇ! ನಾಲ್ಕು ವರ್ಷ ಊರೂರಲ್ಲಿ ಹೇಳಿದ ಮಾತು ಹೊನ್ನಪ್ಪನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನೇ ಆಡಿದರೆ ಈ ಹುಡುಗಿ ಇವತ್ತು ಯಾವ ಮುಖ ಹೊತ್ತು ಡ್ಯೂಟಿಗೆ ಹೋಗುತ್ತಾಳೆ?

“ಗಲ್ಲಾದಲ್ಲಿ ಇದ್ದವನು ಯಾರು?” ಎಂದು ಕೇಳಿದ.

“ಒಬ್ರು ಪಂಜಾಬಿ ಅಂಕಲ್. ನಾವು ಹೋಗಿದ್ದೇ ಹಿಂದಿನ ಬಾಗಿಲಿಂದ ಆಚೆ ಕಳ್ಸಿದ್ವಿ. ಒಂದು ಗೀರೂ ಆಗಿಲ್ಲ.”

“ಮನೆಗೆ ಹೋದ್ರಾ?”

“ಹೋದ್ರು ಅಪ್ಪ. ಮಗಳು ಬಂದು ಕರ್ಕೊಂಡ್ ಹೋದ್ಳು.”

ಹೊನ್ನಪ್ಪ ಕತ್ತು ಸವರಿಕೊಂಡ. ಅಡಿಲೇಡಿನಲ್ಲಿ ಆ ಹೊತ್ತಿಗೆ ತಾನು ಬಯಸಿದ್ದು ಯಾರ ಸಾವನ್ನೂ ಅಲ್ಲ, ಹೀಗೆ ನಡುವೆ ಬಂದು ನಿಲ್ಲುವ ಒಬ್ಬರನ್ನು.

“ಕೈ ನಡುಗ್ಲಿಲ್ವೇನೇ?”

“ಸಖತ್ತಾಗಿ ನಡುಗ್ತು. ಕಾಲು ಮಾತ್ರ ಇಟ್ಟಲ್ಲೇ ಇಟ್ಟಿದ್ದೆ.”

ಹೊನ್ನಪ್ಪ ಕುಂಕುಮದ ಬಟ್ಟಲು ಎತ್ತಿಕೊಂಡು ಬಾಗಿಲಿಗೆ ಹೋಗಿ, ಮಂಡಿ ಲಟಲಟ ಎನ್ನಿಸುತ್ತ ಕುಕ್ಕರಗಾಲಲ್ಲಿ ಕೂತು, ಮಗಳ ಎರಡೂ ಬೂಟಿಗೆ ಬೊಟ್ಟಿಟ್ಟು ಸೇವಂತಿಗೆ ಏರಿಸಿದ.

“ರೀ! ಮೆಟ್ಟಿಗೆ ದೇವ್ರ ಕುಂಕುಮವಾ?” ಅಹಲ್ಯಾ ಕೂಗಿದಳು.

“ಕಾರಿನ ಟೈರಿಗೆ ಇಡಲ್ವೇನೇ? ಅದೇನು ಮೋಡದ ಮೇಲೆ ಓಡತ್ತಾ?” ಎಂದು ಗೆಳೆಯನ ಕಡೆ ತಿರುಗಿದ. “ಬಾಲು, ಇನ್ಮೇಲೆ ನನ್ನ ಕತ್ತು ತೋರ್ಸಿ ಯಾರನ್ನೂ ನೇಣಿಗೆ ಹಾಕ್ಬೇಡ. ನಾನೂ ಹಾಕಲ್ಲ. ನನ್ನ ಮಗಳು ನಲವತ್ತು ನಿಮಿಷ ನಿಂತಿದಾಳೆ ಕಣಯ್ಯ. ನೀನಾಗಿದ್ರೆ?”

ಬಾಲಸುಬ್ರಹ್ಮಣ್ಯ ಕನ್ನಡಕ ತೆಗೆದು ಒರೆಸಿದ. “ನಾನಾ? ಪರ್ತ್‌ವರೆಗೂ ಬರಿಗಾಲಲ್ಲೇ ಓಡಿರ್ತಿದ್ದೆ.”

ಐದಕ್ಕೆ ಚೈತನ್ಯಾ ಹೊರಟಳು. “ಅಪ್ಪ, ಸಾರ್ಜೆಂಟ್ ಕೇಳ್ತಾರೆ ಇದೇನು ಅಂತ.”

“ಬೇಡ ಅಂದ್ರೆ ಒರೆಸ್ಕೊ.”

ಅವಳು ಬಗ್ಗಿ, ಬೊಟ್ಟಿಗೆ ಬೆರಳು ತಾಗದ ಹಾಗೆ ಲೇಸು ಕಟ್ಟಿಕೊಂಡಳು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಹೊನ್ನಪ್ಪ ಗೇಟಿನಲ್ಲೇ ನಿಂತಿದ್ದ. ಬೇಲಿಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕ ಡೆನಿಸ್ ಕೈ ಎತ್ತಿದ.

“ಮೈ ಡಾಟರ್,” ಎಂದ ಹೊನ್ನಪ್ಪ. “ಪೊಲೀಸ್.”

ಈ ವರ್ಷ ಇದನ್ನು ಅವನು ಡೆನಿಸನಿಗೆ ಹೇಳುತ್ತಿದ್ದುದು ಹನ್ನೊಂದನೆಯ ಸಲವೋ ಏನೋ.