ಒಂಬತ್ತನೆಯ ಬಕೆಟ್

ಬೈಕಿನ ಚಕ್ರಗಳಿಂದ ಇಳಿದ ನೀರು ಅಂಗಳದ ಕಲ್ಲುಹಾಸಿನ ಇಳಿಜಾರು ಹಿಡಿದು ಗೇಟಿನ ಕೆಳಗಿದ್ದ ಕಬ್ಬಿಣದ ಜಾಲರಿಯತ್ತ ಹರಿಯುತ್ತಿತ್ತು. ನನ್ನ ಭಾನುವಾರಗಳು ಆ ನೀರಿನೊಂದಿಗೆ ಆರಂಭವಾಗುತ್ತಿದ್ದವು. ಮೊದಲ ಬಕೆಟ್ಟಿನದು ಕೆಸರಿನ ಬಣ್ಣ. ಎರಡನೆಯದು ಸೋಪಿನ ನೊರೆ. ಮೂರನೆಯದು ಹುಯ್ದಷ್ಟೇ ತಿಳಿಯಾಗಿ ಜಾಲರಿ ಸೇರಬೇಕು. ಮೂರನ್ನು ಮೀರಿ ಒಂದು ತಂಬಿಗೆ ನೀರನ್ನೂ ನಾನು ಯಾವ ವಾರವೂ ಬಳಸಿದವನಲ್ಲ.

ಆಗ ನಾನು ಶಾಲೆಯಲ್ಲಿ ಅಂಕಗಣಿತ ಕಲಿಸುತ್ತಿದ್ದೆ. ಉತ್ತರ ಸರಿಯಿದ್ದರೂ ನಡುವಿನ ಹಂತ ಬಿಟ್ಟವರಿಗೆ ಸೊನ್ನೆ ಕೊಡುತ್ತಿದ್ದೆ. ನನ್ನ ಮಗಳು ಮಂದಾಕಿನಿಯೂ ನನ್ನ ತರಗತಿಯಲ್ಲಿ ಓದಿದವಳು, ಅವಳಿಗೂ ಕೊಟ್ಟಿದ್ದೇನೆ. ಈ ಸಂಗತಿ ನಡೆದಾಗ ಅವಳಿಗೆ ಇಪ್ಪತ್ತನಾಲ್ಕು. ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರೇ, ಮತ್ತು ನಮ್ಮಿಬ್ಬರಿಗೂ ಸೇರಿದ ಆ ಒಂದು ಬೈಕು.

ಹಿಂದಿನ ದಿನ ಆಯುಧಪೂಜೆ. ಬೈಕಿಗೆ ಹೂವು ಮುಡಿಸಿ, ಹೆಡ್‌ಲೈಟಿನ ಮೇಲೆ ಒಂದು ಬೊಟ್ಟು ಕುಂಕುಮವಿಟ್ಟು, ಗೇಟಿನ ಮುಂದೆ ಬೂದುಗುಂಬಳ ಒಡೆದಿದ್ದೆ. ದೃಷ್ಟಿ ತೆಗೆದ ಕಾಯಿಯನ್ನು ಮನೆಯವರು ಮತ್ತೆ ಮುಟ್ಟಬಾರದೆಂಬುದು ನಮ್ಮ ಕಡೆಯ ವಾಡಿಕೆ. ಒಡೆದದ್ದು ಒಡೆದಲ್ಲೇ ಇರಬೇಕು. ಸಂಜೆ ಮಂದಾಕಿನಿ ಗೆಳತಿಯ ಮನೆಗೆಂದು ಬೈಕು ತೆಗೆದುಕೊಂಡು ಹೋದಳು. ನಾನು ಹಳೆಯ ಸಹೋದ್ಯೋಗಿಯೊಬ್ಬರನ್ನು ಕಂಡು ಬರುವಷ್ಟರಲ್ಲಿ ಬೈಕು ತನ್ನ ಜಾಗದಲ್ಲಿತ್ತು. ಅವಳು ಮುಸುಕೆಳೆದು ಮಲಗಿದ್ದಳು. "ತಲೆನೋವು ಅಪ್ಪಾ, ಊಟ ಬೇಡ," ಎಂದಳು. ನಾನು ಹೆಚ್ಚು ಕೇಳಲಿಲ್ಲ.

ಬೆಳಿಗ್ಗೆ ಗೇಟು ತೆರೆದಾಗ ರಸ್ತೆ ಚೊಕ್ಕಟವಾಗಿತ್ತು. ಕಾಯಿಯ ಚೂರುಗಳನ್ನು ದನಗಳು ತಿಂದಿರಬೇಕೆಂದುಕೊಂಡೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಮೊದಲ ಬಕೆಟ್ ನೀರನ್ನು ಮಡ್‌ಗಾರ್ಡುಗಳ ಮೇಲೆ ಹುಯ್ದೆ. ಎಂದಿನ ಮಣ್ಣು ಇಳಿಯಿತು. ಎರಡನೆಯದಕ್ಕೆ ಸೋಪಿನ ಪುಡಿ ಕದಡಿ, ತೆಂಗಿನ ನಾರಿನಿಂದ ಮುಂಚಕ್ರದ ಕಡ್ಡಿಗಳನ್ನು ಉಜ್ಜತೊಡಗಿದೆ.

ನೀರು ಕೆಂಪಾಯಿತು.

ಒಂದೆರಡು ಹನಿಯಲ್ಲ. ಮಡ್‌ಗಾರ್ಡಿನ ಒಳಮೈಯಿಂದ, ಎಂಜಿನ್ನಿನ ತಳದಿಂದ, ಉಜ್ಜಿದಷ್ಟೂ ಕಡುಗೆಂಪು ಇಳಿದು ನೊರೆಯನ್ನು ಸೀಳಿಕೊಂಡು ಜಾಲರಿಯತ್ತ ಹೊರಟಿತು. ನಾರು ಕೈಯಲ್ಲೇ ನಿಂತಿತು. ಪೂಜೆಯ ಕುಂಕುಮವೆನ್ನೋಣವೆಂದರೆ ನಾನಿಟ್ಟದ್ದು ಒಂದೇ ಬೊಟ್ಟು, ಅದೂ ಹೆಡ್‌ಲೈಟಿನ ಮೇಲೆ ಇನ್ನೂ ಹಾಗೆಯೇ ಇತ್ತು. ಕಣ್ಣು ತಾನಾಗಿ ಉಳಿದದ್ದನ್ನು ಹುಡುಕಿತು. ಮುಂಬ್ರೇಕಿನ ಹಿಡಿ ಬಾಗಿತ್ತು. ಬಲಗಡೆಯ ಫುಟ್‌ರೆಸ್ಟಿಗೆ ಕನಕಾಂಬರ ಬಣ್ಣದ ಬಟ್ಟೆಯ ಚೂರೊಂದು ಸುತ್ತಿಕೊಂಡಿತ್ತು, ಅಂಚಿನಲ್ಲಿ ಜರಿ. ಹೆಂಗಸಿನ ಬಟ್ಟೆ. ಅಂಥ ಬಣ್ಣ ನಮ್ಮ ಮನೆಯಲ್ಲಿ ಇದ್ದದ್ದು ನನಗೆ ನೆನಪಿಲ್ಲ.

ಕೆಂಪು ನೀರು, ಬಾಗಿದ ಹಿಡಿ, ಹರಿದ ಬಟ್ಟೆ, ಊಟ ಬಿಟ್ಟು ಮಲಗಿದ ಮಗಳು. ಕೂಡಿಸುವುದಕ್ಕೆ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಷ್ಟರಲ್ಲಿ ಎದುರುಮನೆಯ ರುದ್ರಮುನಿ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಗೇಟಿಗೆ ಒರಗಿ ನಿಂತ. ನಾನು ಸರಿದು ನೀರಿಗೂ ಅವನಿಗೂ ನಡುವೆ ನಿಂತೆ.

"ಏನ್ ಮೇಷ್ಟ್ರೇ, ನೆನ್ನೆ ಪೂಜೆ, ಇವತ್ತೇ ಸ್ನಾನನಾ? ದೇವರಿಗೆ ಒಂದು ದಿನಾನೂ ಕೂರೋಕೆ ಬಿಡಲ್ವಲ್ಲ ನೀವು!"

"ಭಾನುವಾರ," ಎಂದೆ.

"ಅದೂ ಸರಿಯೇ. ನೀವು ಭಾನುವಾರ ತಪ್ಪಿಸಿದ್ರೆ ಸೋಮವಾರಾನೇ ಹುಟ್ಟಲ್ಲ." ಅವನು ಚರಂಡಿಗೆ ಉಗಿದು ದನಿ ತಗ್ಗಿಸಿದ. "ಅಂದಹಾಗೆ, ನೆನ್ನೆ ಮುಸ್ಸಂಜೇಲಿ ಇಲ್ಲೇನಾದ್ರೂ ಆಯ್ತಾ? ದಡಾರ್ ಅಂತ ಶಬ್ದ. ಒಬ್ಬಳು ಹೆಂಗಸು ಕಿರುಚಿದ ಹಾಗೆ. ನಾನು ಪಂಚೆ ಸರಿಮಾಡ್ಕೊಂಡು ಹೊರಗೆ ಬರೋ ಹೊತ್ತಿಗೆ ಯಾರೂ ಇಲ್ಲ. ಬೈಕು ತಳ್ಕೊಂಡು ಹೋದ ಸದ್ದು ಮಾತ್ರ."

"ನಾನು ಮನೆಯಲ್ಲಿರಲಿಲ್ಲ."

"ಮಂದಾ ಇದ್ಲಾ? ಕೇಳಿ ನೋಡಿ."

"ಅವಳೂ ಇರಲಿಲ್ಲ," ಎಂದುಬಿಟ್ಟೆ. ಅದು ನಾನು ನೆರೆಯವರಿಗೆ ಹೇಳಿದ ಮೊದಲ ಸುಳ್ಳು. ಅಷ್ಟು ಸಲೀಸಾಗಿ ಹೊರಬಂದದ್ದಕ್ಕೇ ಹೆದರಿದೆ.

ಅವನು ಹೋದ ಮೇಲೆ ಗೇಟಿನ ಚಿಲಕ ಹಾಕಿದೆ. ಆಮೇಲೆ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಬಟ್ಟೆಯ ಚೂರನ್ನು ಬಿಡಿಸಿಕೊಂಡು ಬಚ್ಚಲುಮನೆಯ ಹಂಡೆ ಒಲೆಗೆ ಹಾಕಿದೆ. ತೊಟ್ಟಿಯಿಂದ ಮೂರನೆಯ ಬಕೆಟ್ ತುಂಬಿದೆ. ಕೆಂಪು ಉಳಿದಿತ್ತು. ನಾಲ್ಕನೆಯದು, ಐದನೆಯದು, ಆರನೆಯದು. ಹಳೆಯ ಬ್ರಷ್ಷಿನಿಂದ ಒಂದೊಂದು ತಿರುಪಿನ ಸಂದನ್ನೂ ಕೆರೆದೆ, ಚೈನಿಗೆ ಸೀಮೆಎಣ್ಣೆಯ ಬಟ್ಟೆ ಎಳೆದೆ. ಏಳನೆಯದನ್ನು ಕಲ್ಲುಹಾಸಿನ ಮೇಲೆಯೇ ಹುಯ್ದೆ. ನೀರು ಜಾಲರಿಯಲ್ಲಿ ಕಟ್ಟಿಕೊಂಡು ನಿಂತಿತು. ಕಂಬಿಗಳ ನಡುವೆ ಬಿಳಿಯದೇನೋ ಸಿಕ್ಕಿಕೊಂಡಿತ್ತು: ಚಿಕ್ಕದಾಗಿ, ಚಪ್ಪಟೆಯಾಗಿ, ಹಲ್ಲಿನಂತೆ ನಾಲ್ಕೈದು. ಬಗ್ಗಿ ನೋಡುವ ಧೈರ್ಯವಾಗಲಿಲ್ಲ. ಮುಖ ತಿರುಗಿಸಿ ಎಂಟನೆಯದನ್ನು ಅದರ ಮೇಲೆ ಸುರಿದೆ.

ಯಾವುದೋ ಮನೆಯಲ್ಲಿ ಒಬ್ಬಳು ಹೆಂಗಸು ಮಲಗಿದ್ದಾಳೆ, ಅಥವಾ ಅವಳ ಸುತ್ತ ಜನ ಕೂತಿದ್ದಾರೆ ಎಂಬುದು ನನಗೆ ತೋರದೆ ಇರಲಿಲ್ಲ. ತೋರಿಯೂ ನನ್ನ ಕೈ ನಿಲ್ಲಲಿಲ್ಲ.

ಒಂಬತ್ತನೆಯ ಬಕೆಟ್ ಎತ್ತುವಾಗ ಹಿಂದಿನಿಂದ ಬಾಗಿಲ ಸದ್ದಾಯಿತು. ಮಂದಾಕಿನಿ ಹೊಸ್ತಿಲ ಮೇಲೆ ನಿಂತಿದ್ದಳು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡಿದ್ದಳು. ಅದು ಊದಿ ಎರಡರಷ್ಟಾಗಿತ್ತು.

"ಅಪ್ಪಾ, ಬೈಬೇಡಿ," ಎಂದಳು. "ನೆನ್ನೆ..."

"ಯಾರಿಗೆ ಗುದ್ದಿದೆ?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳು ನನ್ನನ್ನೇ ನೋಡಿದಳು. "ಯಾರಿಗೂ ಇಲ್ಲ. ನಾನೇ ಬಿದ್ದೆ. ಗೇಟಿನ ಮುಂದೆ ತಿರುಗಿಸಿದೆ ನೋಡಿ, ಕುಂಬಳಕಾಯಿ ಮೇಲೆ ಚಕ್ರ ಜಾರಿಬಿಡ್ತು."

"ಯಾರು ಒಡೆದ ಕಾಯಿ?"

ಅವಳು ಕಾಲಬೆರಳಿನಿಂದ ಹೊಸ್ತಿಲು ಉಜ್ಜಿದಳು. ಉತ್ತರ ಬೇಕಾಗಿರಲಿಲ್ಲ. ಕಾಯಿಯ ತಲೆ ಕೊರೆದು ನಾನು ಒಂದು ಚಿಟಿಕೆ ಕುಂಕುಮ ಹಾಕಿದಾಗ, "ಹಬ್ಬದಲ್ಲೂ ಇಷ್ಟು ಜಿಪುಣತನಾನಾ ಅಪ್ಪಾ!" ಎಂದು ನಕ್ಕು ಇಡೀ ಪೊಟ್ಟಣವನ್ನೇ ಒಳಗೆ ಸುರಿದವಳು ಅವಳು. ಚೂರುಗಳನ್ನು ಬದಿಗೆ ಸರಿಸಲೇ ಎಂದು ಕೇಳಿದವಳೂ ಅವಳೇ. ಮುಟ್ಟಕೂಡದು ಎಂದವನು ನಾನು.

"ಮತ್ತೆ ಚೂರುಗಳು?"

"ನಾನೇ ಎಡಗೈಯಲ್ಲಿ ಆಯ್ದು ಹಾಕಿ, ರಸ್ತೆಗೆ ನೀರು ಹುಯ್ದೆ. ಕತ್ತಲೆ ಆಗ್ತಿತ್ತು, ಇನ್ನೊಬ್ರು ಬೀಳೋದು ಬೇಡ ಅಂತ. ಮುಟ್ಟಬಾರದ್ದನ್ನ ಮುಟ್ಟಿದೆ, ಹಿಡಿ ಬೇರೆ ಬಗ್ಗಿಸಿದೆ. ನೀವು ಏನಂತೀರೋ ಅಂತ... ರಾತ್ರಿ ಎಲ್ಲಾ ನೋವು ತಡ್ಕೊಂಡೆ."

ಮುರಿದ ಮಣಿಕಟ್ಟಿನ ಜೊತೆ ಅವಳು ಒಂದು ರಾತ್ರಿ ಕಳೆದದ್ದು ನನ್ನ ಹೆದರಿಕೆಯಲ್ಲಿ. ಒಂದು ಗೋಡೆಯ ಆಚೆ ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ.

"ನಡಿ, ವೈದ್ಯರ ಹತ್ತಿರ ಹೋಗೋಣ," ಎಂದೆ.

"ತಡೀರಿ. ನನ್ನ ಹೊಸ ವೇಲಿನ ಅಂಚು ಹರಿದಿದೆ. ಚೂರು ಬೈಕಲ್ಲೇ ಸಿಕ್ಕಿಕೊಂಡಿರ್ಬೇಕು. ಸಿಕ್ಕಿದ್ರೆ ಹೊಲೀಬಹುದು. ಕನಕಾಂಬರದ್ದು. ನೆನ್ನೆ ಬೆಳಿಗ್ಗೆಯಿಂದ ಹಾಕ್ಕೊಂಡಿದ್ದೆನಲ್ಲ?"

ಅವಳು ಮುಖ ತೊಳೆಯಲೆಂದು ಬಚ್ಚಲುಮನೆಯತ್ತ ಹೋದವಳು ಒಲೆಯ ಮುಂದೆ ನಿಂತಳು. ಜರಿ ಪೂರ್ತಿ ಸುಟ್ಟಿರಲಿಲ್ಲ. ಅಲ್ಲಿಂದ ಅವಳ ನೋಟ ತೊಟ್ಟಿಗೆ ಹೋಯಿತು. ನೀರು ಅರ್ಧಕ್ಕಿಂತ ಕೆಳಗಿಳಿದಿತ್ತು. ನನ್ನ ಮೂರು ಬಕೆಟ್ಟನ್ನು ಬಲ್ಲವಳು ಅವಳು. ತೊಟ್ಟಿಯನ್ನು ನೋಡಿದಳು, ಒದ್ದೆ ಅಂಗಳವನ್ನು ನೋಡಿದಳು, ಕೊನೆಗೆ ನನ್ನನ್ನು.

"ಯಾರೋ ಸತ್ತಿದ್ದಾರೆ ಅಂತ ತಿಳ್ಕೊಂಡ್ರಾ?"

ಕೈಯಲ್ಲಿದ್ದ ಒಂಬತ್ತನೆಯ ಬಕೆಟ್ಟನ್ನು ಕೆಳಗಿಟ್ಟೆ.

"ತಿಳ್ಕೊಂಡೂ ತೊಳೆದ್ರಾ? ನೀವು?"

"ಹೌದು," ಎಂದೆ.

ಸಿಟ್ಟಾಗುತ್ತಾಳೆಂದುಕೊಂಡೆ, ಅಳುತ್ತಾಳೆಂದುಕೊಂಡೆ. ಅವಳು ಮೆಲ್ಲಗೆ, ತರಗತಿಯಲ್ಲಿ ಸ್ಲೇಟು ಹಿಂದಿರುಗಿಸುವ ಹಾಗೆ ಹೇಳಿದಳು:

"ನಡುವೆ ಒಂದು ಹಂತ ಬಿಟ್ಟುಬಿಟ್ರಿ ಅಪ್ಪಾ. ನನ್ನನ್ನ ಕೇಳಲೇ ಇಲ್ಲ."

ವೈದ್ಯರು ಕೈಗೆ ಪ್ಲಾಸ್ಟರ್ ಹಾಕಿ, ಅವಳು ತೋಳಿನಡಿ ಮುಚ್ಚಿಟ್ಟಿದ್ದ ಮೊಣಕೈಯ ಗಾಯಕ್ಕೆ ಔಷಧಿ ಹಚ್ಚಿದರು. ಗಾಯ ಆಳವಾಗಿತ್ತು, ಬಹಳ ರಕ್ತ ಹೋಗಿರಬೇಕು ಎಂದರು. ಮನೆಗೆ ಮರಳಿದಾಗ ಒಂಬತ್ತನೆಯ ಬಕೆಟ್ ತುಂಬಿದ್ದು ತುಂಬಿದಂತೆಯೇ ಅಂಗಳದಲ್ಲಿ ಕಾಯುತ್ತಿತ್ತು. ನಾನು ಜಾಲರಿಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಕಂಬಿಗಳಲ್ಲಿ ಸಿಕ್ಕಿದ್ದ ಬಿಳಿಯ ಚೂರುಗಳನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ಕುಂಬಳದ ಬೀಜ, ಐದು. ಮಂದಾಕಿನಿ ಪಕ್ಕದಲ್ಲಿ ನಿಂತು ಎಡಗೈಯಿಂದ ತಂಬಿಗೆಯಲ್ಲಿ ನೀರು ತೆಗೆದು ನನ್ನ ಕೈ ಮೇಲೆ ಹುಯ್ದಳು.

ಆ ಬೆಳಿಗ್ಗೆ ಹರಿದುಹೋದ ಕೆಂಪಿನಲ್ಲಿ ಕುಂಕುಮ ಎಷ್ಟು, ನನ್ನ ಮಗಳ ರಕ್ತ ಎಷ್ಟು ಎಂಬುದನ್ನು ಬೇರೆ ಮಾಡಲು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಬೀಜಗಳ ಮೇಲಿನಿಂದ ಜಾರಿದ ನೀರು ಬೆರಳ ಸಂದುಗಳಲ್ಲಿ ಇಳಿದು, ಜಾಲರಿಯ ಕೆಳಗೆ, ಹುಯ್ದಷ್ಟೇ ತಿಳಿಯಾಗಿ ಹರಿಯಿತು.