ಕೆಂಚಪ್ಪ ತೆಗೆಸಿದ ಎಂಟನೆಯ ವಾದನ

ಭದ್ರಾವತಿಯಲ್ಲಿ ಯಾರಾದರೂ ಹೊಸ ವಾದ್ಯ ಕೊಂಡರೆ, ಹೊಸದಾಗಿ ಏನಾದರೂ ನುಡಿಸಿದರೆ, ಅದನ್ನು ಮೊದಲು ಕೆಂಚಪ್ಪನ ಕಿವಿಗೆ ಹಾಕಿ ಆಮೇಲೆ ಊರಿನ ಕಿವಿಗೆ ಹಾಕುವುದೆಂಬ ಪದ್ಧತಿ ಬೆಳೆದುಬಿಟ್ಟಿತ್ತು. ಕೆಂಚಪ್ಪ ಸಂಗೀತ ಕಲಿತವನಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂವತ್ತೆಂಟು ವರ್ಷ ಒಂದು ಸಾಮಿಲ್ಲಿನಲ್ಲಿ ಗರಗಸದ ಹಲ್ಲು ಹರಿತ ಮಾಡಿದವನು. ಗರಗಸವನ್ನು ತೂಗುಹಾಕಿ ಉಗುರಿನಿಂದ ಒಂದು ಪೆಟ್ಟು ಕೊಟ್ಟರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ನಾದದಲ್ಲೇ ಹಿಡಿಯುತ್ತಿದ್ದ. ಹಾರ್ಮೋನಿಯಂ, ಗಿಟಾರು ರಿಪೇರಿ ಮಾಡುತ್ತಿದ್ದ ಇಸ್ಹಾಕ್ ಸಾಬರು ಮರ ಹುಡುಕಿಕೊಂಡು ಸಾಮಿಲ್ಲಿಗೆ ಬಂದಾಗ, ಹಲಗೆಗಳನ್ನು ಬಡಿದು ನೋಡಿ "ಇದು ಹಾಡ್ತದೆ, ಅದು ಗೊಣಗ್ತದೆ, ಆ ಮೂಲೇದು ಸತ್ತೋಗಿದೆ" ಅಂದವನು ಅವನೇ. ಸ್ನೇಹ ಅಲ್ಲಿಂದ ಶುರುವಾಯಿತು. ಇಸ್ಹಾಕರ ಮಗ ಮೊಹ್ಸಿನ್ ಬೆರಳು ಕಲಿತದ್ದು ಕೆಂಚಪ್ಪ ಆರಿಸಿಕೊಟ್ಟ ಹಲಗೆಯ ಗಿಟಾರಿನ ಮೇಲೆ.

ಆ ಮೊಹ್ಸಿನ್ ಈಗ ದೊಡ್ಡ ಹೆಸರು. ಅವನ ಬೆರಳು ಓಡುವುದನ್ನು ಕಣ್ಣಲ್ಲಿ ಹಿಡಿಯಲಾಗುವುದಿಲ್ಲ ಎನ್ನುತ್ತಾರೆ. ಅವನು ಒಂಬತ್ತು ವಾದನಗಳ ಆಲ್ಬಮ್ ಮಾಡಿದ. ಒಂದರಂತೆ ಇನ್ನೊಂದಿಲ್ಲ. ಶುಕ್ರವಾರ ಅದು ಹೊರಗೆ ಬರಬೇಕು. ಅದಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ, ಶಿವಮೊಗ್ಗದ ಗೋಪಾಳದಲ್ಲಿರುವ ಇಸ್ಹಾಕರ ಮನೆಯಲ್ಲಿ ನಾಲ್ಕು ಜನ ಕೇಳಲು ಕೂತರು. ಸಂಗೀತ ಪಾಠ ಹೇಳುವ ಶಿವಯೋಗಪ್ಪನವರು, ವೀಣೆಯ ಮಂಜುಶ್ರೀ ಮೇಡಂ, ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಡಿಯುವ ದುಶ್ಯಂತ್, ಮತ್ತೆ ಬೆತ್ತದ ಕುರ್ಚಿಯಲ್ಲಿ ಕೆಂಚಪ್ಪ.

ಮೊದಲನೆಯದು ಡೊಳ್ಳಿನ ಗತ್ತು, ಎರಡನೆಯದು ಕವ್ವಾಲಿಯ ಹಾಗೆ. ಮೂರನೆಯದಕ್ಕೆ ದುಶ್ಯಂತ್ ಕೂತಲ್ಲೇ ತೊಡೆ ಬಡಿದ.

"ಇದನ್ನ ಗಣಪತಿ ಬಿಡೋವಾಗ ಹಾಕಿದ್ರೆ ರೋಡಿಗೆ ರೋಡೇ ಕುಣೀತದೆ."

"ನಿಂಗೆ ಎಲ್ಲಾ ಗಣಪತಿ ಬಿಡೋದೇ," ಎಂದರು ಮಂಜುಶ್ರೀ. "ಆದ್ರೂ ಮೊಹ್ಸಿನ್, ಒಂದೇ ಎಲೇಲಿ ಬಿರಿಯಾನಿ, ಪಾಯಸ, ಮಂಡಕ್ಕಿ ಎಲ್ಲಾ ಬಡಿಸಿದ್ರೆ ತಿನ್ನೋರು ಎಲ್ಲಿಂದ ಶುರು ಮಾಡ್ಬೇಕು ಹೇಳಪ್ಪ?"

"ಹಸಿದೋರು ಎಲ್ಲಿಂದ ಬೇಕಾದ್ರೂ ಶುರು ಮಾಡ್ತಾರೆ," ಎಂದರು ಇಸ್ಹಾಕ್.

ಏಳನೆಯದು ಮುಗಿದಾಗ ಶಿವಯೋಗಪ್ಪನವರು, ಒಬ್ಬನೇ ಏಳು ಜನರ ಅಂಗಿ ಹಾಕಿದ್ದಾನೆ, ಆದರೆ ಯಾವುದೂ ಸಡಿಲ ಇಲ್ಲ ಎಂದರು. ಎಲ್ಲರೂ ನಕ್ಕರು. ಮೊಹ್ಸಿನ್ ಮಾತ್ರ ಕೆಂಚಪ್ಪನ ಮುಖವನ್ನೇ ನೋಡುತ್ತಿದ್ದ.

ಎಂಟನೆಯದು ಬಂತು. ನಿಧಾನದ್ದು, ದಪ್ಪ ತಂತಿಗಳಲ್ಲಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಕೆಂಚಪ್ಪ ಕಣ್ಣು ಮುಚ್ಚಿ ಕಾದ. ಏನೂ ಇಲ್ಲ. ಆಗೊಮ್ಮೆ ಈಗೊಮ್ಮೆ ಮರಕ್ಕೆ ಬೆರಳು ತಾಗಿದ ಸದ್ದು, ಅಷ್ಟೇ. ಎರಡು ನಿಮಿಷವಾದ ಮೇಲೆ ದಪ್ಪ ತಂತಿ ಮತ್ತೆ ಮಾತಾಡಿ ವಾದನ ಮುಗಿಯಿತು. ಕಣ್ಣು ಬಿಟ್ಟರೆ ಶಿವಯೋಗಪ್ಪನವರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಧೂಳೇನಾದರೂ ಬಿದ್ದಿರಬೇಕು ಅಂದುಕೊಂಡ.

ಒಂಬತ್ತನೆಯದೂ ಮುಗಿದ ಮೇಲೆ, "ಹೇಳಿ ಮಾಮಾ," ಎಂದ ಮೊಹ್ಸಿನ್.

"ಉಳಿದಿದ್ದೆಲ್ಲ ಸರಿ ಮಗ. ಆ ಎಂಟನೇದ್ರ ನಡುವೆ ಮಾತ್ರ ತೂತು ಬಿದ್ದಿದೆ. ಕೈ ಕಟ್ಕೊಂಡು ಕೂತ್ಬಿಟ್ಟಿದೀಯ. ಜನ ಕಾಸು ಕೊಟ್ಟು ಕೇಳೋದು, ಸುಮ್ನಿರೋದನ್ನಲ್ಲ."

ಮಂಜುಶ್ರೀ ಇಸ್ಹಾಕರ ಕಡೆ ನೋಡಿದರು. ಶಿವಯೋಗಪ್ಪನವರು ಗಂಟಲು ಸರಿಮಾಡಿಕೊಂಡು, "ಹೌದು, ನಂಗೂ ಹಾಗೇ ಅನ್ನಿಸ್ತು," ಎಂದರು. ಮೊಹ್ಸಿನ್ ತಲೆ ತಗ್ಗಿಸಿ, "ಆಯ್ತು ಮಾಮಾ, ತೆಗೀತೀನಿ," ಎಂದ.

ಸಂಜೆ ಬಸ್ಸಿನಲ್ಲಿ ಭದ್ರಾವತಿಗೆ ಬರುವಾಗ ಕೆಂಚಪ್ಪನ ಎದೆ ಒಂದು ಗೇಣು ಉಬ್ಬಿತ್ತು.

ಮಂಗಳವಾರ ಬೆಳಿಗ್ಗೆ ಅವನ ಹೆಂಡತಿ ದ್ಯಾಮಮ್ಮ ಬಾಗಿಲಲ್ಲಿ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು. ಮೊಹ್ಸಿನ್ ಭಾನುವಾರವೇ ಕೆಂಚಪ್ಪನ ಫೋನಿಗೂ ಒಂಬತ್ತನ್ನೂ ಕಳಿಸಿದ್ದ. ಅದನ್ನು ಹಚ್ಚಿ ಪಕ್ಕದಲ್ಲಿಟ್ಟುಕೊಂಡಿದ್ದಳು. ಎಂಟನೆಯದು ಬಂತು. ದಪ್ಪ ತಂತಿ ನಿಂತಿತು. ಈಗ ತೂತು ಬಂತು ನೋಡು ಎಂದು ಹೇಳಬೇಕೆಂದು ಕೆಂಚಪ್ಪ ತಿರುಗಿದ. ದ್ಯಾಮಮ್ಮನ ತುಟಿ ಅಲ್ಲಾಡುತ್ತಿತ್ತು. ಸೊಪ್ಪಿನ ದಂಟು ಹಿಡಿದ ಕೈ ತಾಳಕ್ಕೆ ಏಳುತ್ತಿತ್ತು, ಬೀಳುತ್ತಿತ್ತು.

"ಏನದು ಗುನುಗ್ತಿರೋದು?"

"ಇದನ್ನೇ. ಬರ್ತಿದೆಯಲ್ಲ."

"ಈಗೇನೂ ಬರ್ತಿಲ್ಲ."

ದ್ಯಾಮಮ್ಮ ಸೊಪ್ಪು ಕೆಳಗಿಟ್ಟಳು. ಅವನ ಮುಖವನ್ನೊಮ್ಮೆ ನೋಡಿದಳು. "ದೇವಸ್ಥಾನದ ಸಣ್ಣ ಗಂಟೆ ದೂರದಿಂದ ಕೇಳಿದಂಗೆ ಬರ್ತಿದೆ ಕಣ್ರೀ. ನಿಮಗೆ ಬರ್ತಿಲ್ಲ. ಕುಕ್ಕರ್ ವಿಷಲ್ಲೂ ಬರಲ್ಲ. ಆರು ವರ್ಷದಿಂದ ನಾನೇ ಎದ್ದೋಗಿ ಆರಿಸ್ತಿಲ್ವಾ?"

"ಹೇಳ್ಬಾರ್ದಿತ್ತೇನೆ?"

"ಹೇಳಿದ್ರೆ ಒಪ್ಪೋ ಜನವಾ ನೀವು?"

ಕೆಂಚಪ್ಪ ಫೋನನ್ನು ಎತ್ತಿ ಅದರ ಬೆನ್ನಿಗೆ ಬೆರಳಿಟ್ಟ. ಸಣ್ಣ ನಡುಕವೊಂದು ಬೆರಳ ತುದಿಗೆ ತಾಗಿತು, ತಾಗುತ್ತಲೇ ಇತ್ತು. ಕಿವಿ ಹೋಗಿದ್ದು ಹೊಸದಾಗಿ ತಿಳಿದದ್ದೇನೂ ಅಲ್ಲ, ಗೊತ್ತಿದ್ದೂ ಒಪ್ಪಿಕೊಂಡಿರಲಿಲ್ಲ, ಅದೇ ನಾಚಿಕೆ. ಸಾಮಿಲ್ಲಿನ ಕಡೆಯ ಎರಡು ವರ್ಷ ಅವನು ಗರಗಸವನ್ನು ಕಿವಿಯಿಂದ ನೋಡಿರಲಿಲ್ಲ, ಹೀಗೇ ಬೆರಳಿಂದ ಸವರಿ ನೋಡಿ "ಸರಿಯಿದೆ" ಅನ್ನುತ್ತಿದ್ದ. ಹಾಗೆ ಅವನು ಸರಿಯೆಂದ ಒಂದು ಗರಗಸ ತುಂಡಾಗಿ ಹಾರಿ ತಗಡಿನ ಗೋಡೆಗೆ ನಾಟಿತ್ತು. ತಪ್ಪು ತನ್ನದಲ್ಲ, ದಿಮ್ಮಿಯಲ್ಲಿ ಮೊಳೆ ಇತ್ತು ಎಂದುಬಿಟ್ಟ ಕೆಂಚಪ್ಪ. ದಿಮ್ಮಿ ಪರೀಕ್ಷಿಸುತ್ತಿದ್ದ ರಂಗಪ್ಪ ಎಲ್ಲರ ಮುಂದೆ ಬೈಸಿಕೊಂಡು ನಿಂತಿದ್ದ. ರಂಗಪ್ಪ ಈಗ ಬದುಕಿಲ್ಲ. ಆ ಸುಳ್ಳು ಕೆಂಚಪ್ಪನ ಹತ್ತಿರವೇ ಉಳಿದಿದೆ.

"ಬಸ್ಸು ಎಷ್ಟೊತ್ತಿಗಿದೆ?" ಎಂದು ಕೇಳಿದ. ದ್ಯಾಮಮ್ಮ ಒಗೆದ ಅಂಗಿ ತಂದುಕೊಟ್ಟಳು.

ಗೋಪಾಳದ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. ಕೆಂಚಪ್ಪ ಬೆತ್ತದ ಕುರ್ಚಿಯಲ್ಲಿ ಕೂರದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ.

"ಆ ಎಂಟನೇದನ್ನ ತೆಗೆದ್ಯಾ ಮಗ?"

"ನಿನ್ನೆನೇ ತೆಗೆದೆ ಮಾಮಾ."

"ಅದ್ರಲ್ಲಿ ತೂತಿಲ್ಲ. ನಂಗೆ ಕಿವಿ ಹೋಗಿದೆ. ಸಣ್ಣ ಸ್ವರ ಒಂದೂ ಬರಲ್ಲ."

ಅಯ್ಯೋ ಹೌದೇ ಎಂದು ಯಾರಾದರೂ ಕೇಳುತ್ತಾರೆಂದು ಕಾದ. ಇಬ್ಬರೂ ಕೇಳಲಿಲ್ಲ. ಮೊಹ್ಸಿನ್ ನೆಲ ನೋಡಿದ. ಕೆಂಚಪ್ಪ ಇಸ್ಹಾಕರ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ ಇಸ್ಹಾಕಣ್ಣ?"

"ನಾಲ್ಕೈದು ವರ್ಷ ಆಯ್ತು ಮಾರಾಯ. ಸಣ್ಣ ತಂತಿ ಮೀಟಿದ್ರೆ ನೀನು ತಿರುಗ್ತಾನೇ ಇರ್ಲಿಲ್ಲ. ಭಾನುವಾರ ನೀನು ಹೋದ್ಮೇಲೆ ಇವನಿಗೆ ತೆಗಿ ಅಂದಿದ್ದೂ ನಾನೇ."

"ಮತ್ತೆ ನನ್ ಮಾತು ಯಾಕೆ ಕೇಳಿದ್ರಿ?"

"ಕೇಳಿದ್ದು ನಿನ್ ಮಾತಲ್ಲ. ನಿನ್ ಮುಖ ನೋಡಿದ್ದು."

ಕೆಂಚಪ್ಪ ಮಂಡಿಯ ಮೇಲಿನ ಕೈಗಳನ್ನೇ ನೋಡುತ್ತ ಕೂತ. ತನಗೆ ಕೇಳುವುದಿಲ್ಲವೆಂಬುದು ಒಂದು ತೂಕವಾದರೆ, ತನ್ನ ಮರ್ಯಾದೆ ಉಳಿಸಲು ಒಬ್ಬ ಹುಡುಗ ತನ್ನ ಕೈಯಾರೆ ನುಡಿಸಿದ್ದನ್ನು ಕತ್ತರಿಸಿಕೊಂಡನೆಂಬುದು ಅದಕ್ಕೆ ಹತ್ತು ಪಟ್ಟು ತೂಗಿತು.

"ಅದಕ್ಕೆ ಎಷ್ಟು ದಿನ ಹಿಡೀತು ಮಗ?"

"ಎಂಟು ತಿಂಗಳು ಮಾಮಾ." ಮೊಹ್ಸಿನ್ ಮೆಲ್ಲಗೆ ಹೇಳಿದ. ಅದರಲ್ಲಿ ದೂರಿರಲಿಲ್ಲ. ಇದ್ದಿದ್ದರೆ ವಾಸಿಯಾಗುತ್ತಿತ್ತು.

"ಹಾಕು ಮತ್ತೆ. ಈಗ್ಲೇ."

"ಹಾಕ್ತೀನಿ, ಇನ್ನೂ ಟೈಮಿದೆ. ಅವ್ರೆಲ್ಲ ಕೇಳಿದ್ರೆ, ನಾನೇ ಮನಸ್ಸು ಬದಲಾಯಿಸ್ದೆ ಅಂತೀನಿ. ನೀವೇನೂ ಯೋಚ್ನೆ ಮಾಡ್ಬೇಡಿ."

ಆ ಮಾತು ಕೂರಲು ಕುರ್ಚಿ ಎಳೆದಿಟ್ಟ ಹಾಗಿತ್ತು. ಕೂತುಬಿಟ್ಟಿದ್ದರೆ ಆಗುತ್ತಿತ್ತು. ಕೆಂಚಪ್ಪನಿಗೆ ಒಂದು ಗಳಿಗೆ ಮನಸ್ಸೂ ಆಯಿತು, ಸುಳ್ಳು ಹೇಳಬಾರದು. ಆಮೇಲೆ ಗೋಡೆ ಹಿಡಿದು ಎದ್ದ.

"ಬೇಡ. ನಾನೇ ಹೇಳ್ತೀನಿ."

ಭದ್ರಾವತಿಯ ಬಸ್ಸು ಹತ್ತಿದವನು ವಿದ್ಯಾನಗರದಲ್ಲೇ ಇಳಿದು ಶಿವಯೋಗಪ್ಪನವರ ಮನೆ ಹುಡುಕಿದ. ಬಾಗಿಲು ತೆರೆದ ಶಿವಯೋಗಪ್ಪನವರ ಮುಖ ಅರಳಿತು.

"ಬನ್ನಿ ಕೆಂಚಪ್ನೋರೆ. ನಮ್ಮ ಶಿಷ್ಯರಿಗೆಲ್ಲ ನಿಮ್ಮ ವಿಷಯನೇ ಹೇಳ್ತಿದ್ದೆ. ಎಲ್ಲರೂ ವಾಹ್ ವಾಹ್ ಅನ್ನೋವಾಗ ಕಿವಿ ಅಂದ್ರೆ ಹಿಂಗಿರ್ಬೇಕು, ಎದುರಿಗೇ ತೂತು ಅಂತ ಹೇಳಿದ್ರು ನೋಡ್ರಪ್ಪ ಅಂತ."

ಆಗಲೇ ಅಷ್ಟು ಬಾಯಿಗೆ ಹೋಗಿದೆ. ಕೆಂಚಪ್ಪ ಚಪ್ಪಲಿ ಬಿಡಲಿಲ್ಲ.

"ಅದ್ರಲ್ಲಿ ತೂತಿಲ್ಲ ಯಜಮಾನ್ರೆ. ಅಲ್ಲಿ ಸಣ್ಣ ಸ್ವರದಲ್ಲಿ ನುಡಿಸಿದಾನಂತೆ. ನಂಗೆ ಕೇಳ್ಸೋದಿಲ್ಲ. ತುಂಬಾ ವರ್ಷ ಆಯ್ತು. ಮುಚ್ಚಿಟ್ಕೊಂಡಿದ್ದೆ. ಗೊತ್ತಿಲ್ದೆ ಇದ್ದಿದ್ದನ್ನ ಗೊತ್ತಿದ್ದೋನ ಹಾಗೆ ಹೇಳ್ದೆ. ನಿಮ್ಮ ಹುಡುಗರಿಗೂ ಹೀಗಂತ ಹೇಳ್ಬಿಡಿ."

ಶಿವಯೋಗಪ್ಪನವರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಇಳಿಯಿತು. ಕನ್ನಡಕ ತೆಗೆದು ಅಂಗಿಗೆ ಒರೆಸಿದರು, ಹಾಕಿಕೊಳ್ಳಲಿಲ್ಲ.

"ನಂಗೆ ಕೇಳಿತ್ತು," ಎಂದರು. "ಕೆಂಚಪ್ನೋರೆ, ನಂಗೆ ಚೆನ್ನಾಗೇ ಕೇಳಿತ್ತು. ಆದ್ರೂ ನಿಮ್ಮ ಮಾತಿಗೆ ಹೂಂ ಅಂದೆ."

ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತರು. ಒಳಗಿನಿಂದ ಸೊಸೆ ಕಾಫಿಗೆ ಸಕ್ಕರೆ ಹಾಕಬಹುದೇ ಎಂದು ಕೇಳಿದಳು.

"ಆ ದುಶ್ಯಂತನ ಮನೆ ಎಲ್ಲಿ ಬರ್ತದೆ?" ಎಂದು ಕೇಳಿದ ಕೆಂಚಪ್ಪ. "ಮಂಜುಶ್ರೀ ಮೇಡಮ್ಮೋರ್ದೂ ಹೇಳಿ."

ಶಿವಯೋಗಪ್ಪನವರು ಬಗ್ಗಿ ತಮ್ಮ ಚಪ್ಪಲಿ ಹುಡುಕಿದರು.

"ನಡೀರಿ," ಎಂದರು. "ನಾನೂ ಬರ್ತೀನಿ."