ಸುಮ್ಮನೆ ನಿಂತ ಹೊತ್ತು

ಬೇರೆ ಮೇಷ್ಟರೆಲ್ಲ ಮಕ್ಕಳ ತಪ್ಪು ಹಿಡಿದು ಸಂಬಳ ತೆಗೆದುಕೊಳ್ಳುತ್ತಿದ್ದರೆ, ಲೆಕ್ಕದ ಟೀಚರು ಮಾತ್ರ ತಾವೇ ತಪ್ಪು ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಒಂದೆರಡು ಲೆಕ್ಕ ಸರಿಯಾಗಿ ಬಿಡಿಸುವುದು, ಆಮೇಲಿನದರಲ್ಲಿ ಬೇಕೆಂದೇ ಎಡವುವುದು. "ಸರಿ ತಾನೇ?" ಎಂದು ಕೇಳಿ, ಕನ್ನಡಕ ತೆಗೆದು ಒರೆಸುತ್ತಾ, ಕಿಟಕಿಯ ಕಡೆ ತಿರುಗಿ ಸುಮ್ಮನೆ ನಿಂತುಬಿಡುವುದು.

ಬೆನ್ನ ಹಿಂದೆ ಮೊದಲು ಪಿಸುಪಿಸು. ಆಮೇಲೆ ಬೆಂಚು ಕಿರುಗುಟ್ಟುವ ಸದ್ದು. ಕೊನೆಗೆ ಯಾವುದೋ ಒಂದು ಗಂಟಲು ಧೈರ್ಯ ಮಾಡಿ, "ತಪ್ಪು ಟೀಚರ್!" ಎನ್ನುತ್ತಿತ್ತು.

"ತಪ್ಪಾ? ಇಷ್ಟು ವರ್ಷ ಪಾಠ ಮಾಡಿದೀನಿ, ನನಗೇ ತಪ್ಪು ಅಂತೀಯಾ? ಬಾ, ತೋರ್ಸು ನೋಡೋಣ."

ಬೆದರಿಸಿದಂತೆ ಕರೆದರೂ ಬಂದವರ ಕೈಗೆ ಸೀಮೆಸುಣ್ಣ ಕೊಡುತ್ತಿದ್ದರು. ತಿದ್ದಿ ತೋರಿಸಿದರೆ, "ಶಭಾಷ್! ಎಲ್ಲರೂ ಬರ್ಕೊಳ್ಳಿ!" ಹೀಗಾಗಿ ಶಾಲೆಯಲ್ಲಿ ಅವರಿಗೆ 'ತಪ್ಪು ಟೀಚರ್' ಎಂದೇ ಹೆಸರು. ಅವರಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ದೊಡ್ಡವರ ತಪ್ಪು ಹಿಡಿಯಲು ಕಲಿತ ಮಗು ಸಂತೆಯಲ್ಲೂ ಮೋಸ ಹೋಗುವುದಿಲ್ಲ, ಸಂಸಾರದಲ್ಲೂ ಮೋಸ ಹೋಗುವುದಿಲ್ಲ ಎಂಬುದು ಅವರ ಲೆಕ್ಕ.

ಕಾಯಿಲೆಯ ಕಾಲದಲ್ಲಿ ಶಾಲೆಗೆ ಬೀಗ ಬಿದ್ದು ಪಾಠವೆಲ್ಲ ಫೋನಿನೊಳಗೆ ಹೋದಾಗ, ಟೀಚರಿಗಿಂತ ಅವರ ಗಂಡನಿಗೇ ಹುರುಪು ಹೆಚ್ಚು. ಆತನದು ಫೋಟೋ ಸ್ಟುಡಿಯೋ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಮೂಲೆಗೆ ಬಿದ್ದಿದ್ದ ದೀಪಗಳನ್ನು ಮನೆಗೆ ಹೊತ್ತು ತಂದ. ಗೋಡೆಗೆ ಬಿಳಿ ಬಟ್ಟೆ ಕಟ್ಟಿದ. ಮೂರು ಕಾಲಿನ ಸ್ಟ್ಯಾಂಡಿಗೆ ಫೋನು ಬಿಗಿದ.

"ಮುಖದ ಮೇಲೆ ನೆರಳು ಬೀಳ್ಬಾರ್ದು ಕಣೇ. ಒಂಚೂರು ಎಡಕ್ಕೆ ಬಾ. ಹಾಂ... ಮದುವೆ ಫೋಟೋದಲ್ಲೂ ಇಷ್ಟು ಚೆನ್ನಾಗಿರ್ಲಿಲ್ಲ ನೀನು."

"ಅವತ್ತು ಪಕ್ಕದಲ್ಲಿ ನೀವು ನಿಂತಿದ್ರಲ್ಲ, ಅದಕ್ಕೆ."

ಫೋನಿನ ಪಾಠದಲ್ಲೂ ಟೀಚರು ಹಳೆಯ ಚಾಳಿ ಬಿಡಲಿಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಎಂದು ಬರೆದು, ಕನ್ನಡಕ ಒರೆಸುತ್ತಾ ನಿಂತರು. ಒಂದೊಂದು ಮನೆಯಿಂದ ಒಂದೊಂದು ಕೂಗು. ಒಬ್ಬಳ ಹಿಂದೆ ಪಾತ್ರೆಯ ಸದ್ದು, ಇನ್ನೊಬ್ಬನ ಹಿಂದೆ ಅಜ್ಜಿಯ ಕೆಮ್ಮು. ಎಲ್ಲರ ನಡುವೆ "ತಪ್ಪು ಟೀಚರ್, ತಪ್ಪು! ಅರ್ಧಕ್ಕಿಂತ ಕಡಿಮೆ ಆಗೋಯ್ತು!" ಆ ಗಲಾಟೆ ಕೇಳಿದ ದಿನ ಟೀಚರಿಗೆ ಬೀಗ ಬಿದ್ದ ಶಾಲೆಯೇ ಮನೆಗೆ ಬಂದಂತಾಗಿತ್ತು.

ಪಾಠಗಳನ್ನೆಲ್ಲ ಶಾಲೆಯವರು ರೆಕಾರ್ಡ್ ಮಾಡಿಟ್ಟುಕೊಂಡರು. ಮಾಡಿಕೊಳ್ಳಲಿ, ಬರದ ಮಕ್ಕಳಿಗೆ ಆದೀತು ಎಂದುಕೊಂಡರು ಟೀಚರು.

ಬೀಗ ತೆಗೆದಾಗ ಶಾಲೆ ಮೊದಲಿನಂತಿರಲಿಲ್ಲ. ದೊಡ್ಡ ಯಜಮಾನರು ಹಾಸಿಗೆ ಹಿಡಿದಿದ್ದರು, ಮಗ ಕುರ್ಚಿ ಹಿಡಿದಿದ್ದ. ಒಂದೊಂದು ಕ್ಲಾಸಿಗೂ ಗೋಡೆಯಗಲದ ಪರದೆ. ಚಿಕ್ಕ ಯಜಮಾನ ಟೀಚರನ್ನು ಕರೆಸಿ, ಕುರ್ಚಿ ಕೊಟ್ಟು, ತಣ್ಣೀರು ಕೊಟ್ಟು, ಆಮೇಲೆ ಕೆಲಸದಿಂದ ತೆಗೆದ.

"ನಿಮ್ಮ ರೆಕಾರ್ಡಿಂಗ್ ಎಷ್ಟು ಕ್ಲೀನಾಗಿದೆ ಮೇಡಂ! ಬೇರೆಯವರದ್ದೆಲ್ಲ ಕತ್ತಲೆ ಕತ್ತಲೆ. ಮಕ್ಕಳ ಗಲಾಟೆ, ನೀವು ಸುಮ್ನೆ ನಿಂತಿರೋ ಹೊತ್ತು, ಅದೆಲ್ಲ ತೆಗ್ಸಿದೀನಿ. ಮುಕ್ಕಾಲು ಗಂಟೆ ಪಾಠ ಅರ್ಧ ಗಂಟೆಗೆ ಬಂತು. ಇನ್ನು ನೀವು ಆರಾಮಾಗಿರಿ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಕ್ಲಾಸಿನಲ್ಲಿ ಪರದೆಯ ಪಕ್ಕ ನಿಂತು ಮಕ್ಕಳ ಬಾಯಿ ಮುಚ್ಚಿಸಲು ಒಬ್ಬ ಕಾವಲಿನಾಕೆ ಸಾಕಾಗಿತ್ತು. ಮನೆಗೆ ಬಂದು ಸುದ್ದಿ ಹೇಳಿದಾಗ ಗಂಡ ಆ ದೀಪಗಳ ಕಡೆ ತಿರುಗಿದ.

"ಇಷ್ಟು ಚೆನ್ನಾಗಿ ಹಿಡೀಬಾರ್ದಿತ್ತು ನಾನು," ಎಂದ.

ಕೆಲವು ತಿಂಗಳ ಮೇಲೆ ಎದುರು ಮನೆಯ ಡ್ರೈವರನ ಮಗಳು ಪುಸ್ತಕ ಹಿಡಿದು ಬಂದಳು. ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಮನೆಲೆಕ್ಕದಲ್ಲಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಳು.

"ಇದೇನೇ ತಾಯಿ? ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿಬಿಟ್ಯಾ? ಯಾರು ಹೇಳ್ಕೊಟ್ಟಿದ್ದು?"

"ನೀವೇ ಟೀಚರ್."

"ನಾನಾ?"

ಹುಡುಗಿ ಅಪ್ಪನ ಫೋನು ತಂದು ತೋರಿಸಿದಳು. ಬಿಳಿ ಬಟ್ಟೆಯ ಮುಂದೆ, ಮುಖದ ಮೇಲೆ ಒಂದಿಷ್ಟೂ ನೆರಳಿಲ್ಲದ ಟೀಚರು. "ಐದನೇ ಎರಡು. ಸರಿ ತಾನೇ?" ಎಂದು ಕನ್ನಡಕಕ್ಕೆ ಕೈ ಹಾಕಿದರು. ಕನ್ನಡಕ ಮೂಗಿನಿಂದ ಇಳಿಯುವ ಮೊದಲೇ ಚಿತ್ರ ಒಮ್ಮೆ ಎಗರಿತು. "ಶಭಾಷ್! ಎಲ್ಲರೂ ಬರ್ಕೊಳ್ಳಿ!"

ನಡುವೆ ಇದ್ದ ಅಷ್ಟೂ ಕೂಗು, ಅಜ್ಜಿಯ ಕೆಮ್ಮು, ತಿದ್ದಿದ ಲೆಕ್ಕ, ಎಲ್ಲವೂ ಕತ್ತರಿಯ ಪಾಲಾಗಿತ್ತು. ಉಳಿದದ್ದು ತಪ್ಪು, ಮತ್ತು ಆ ತಪ್ಪಿಗೆ ಅವರದೇ ಬಾಯಿಂದ ಶಭಾಷ್.

ಟೀಚರು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಕಾಗದದ ಪಟ್ಟಿ ಮಡಚಿ, ಲೆಕ್ಕ ತಿದ್ದಿಸಿದರು. ಅದು ಅವಳಿಗೆ ಹೊಳೆದು ಮುಖ ಅರಳಿತು. ಟೀಚರ ಮುಖ ಮಾತ್ರ ಅರಳಲಿಲ್ಲ. ಮರುದಿನ ಬೆಳಗ್ಗೆಯೇ ಶಾಲೆಗೆ ಹೋದರು.

ಚಿಕ್ಕ ಯಜಮಾನ ಗಾಬರಿಯಾಗಲಿಲ್ಲ. "ಅಯ್ಯೋ, ಅಷ್ಟೇನಾ? ಕೂತ್ಕೊಳ್ಳಿ ಮೇಡಂ," ಎಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಟೀಚರಿಗೆ ತರಿಸಿದ ಕಾಫಿ ಆರುವುದರೊಳಗೆ ಪರದೆಯ ಮೇಲೆ ಟೀಚರೇ ಬಂದು, ಅವರು ಎಂದೂ ಆಡದ ಮಾತನ್ನು ಅವರದೇ ದನಿಯಲ್ಲಿ ಆಡಿದರು: "ಆರನೇ ಐದು. ಶಭಾಷ್! ಎಲ್ಲರೂ ಬರ್ಕೊಳ್ಳಿ!" ತುಟಿ ಕೂಡ ಮಾತಿಗೆ ಸರಿಯಾಗಿ ಹೊಂದುತ್ತಿತ್ತು.

"ನೋಡಿದ್ರಾ? ಇನ್ಮೇಲೆ ನೀವು ತಪ್ಪೇ ಮಾಡಲ್ಲ!"

ಟೀಚರು ಪರದೆಯಿಂದ ಮುಖ ತಿರುಗಿಸಿದರು. ಆದರೂ ಬಿಡಲಿಲ್ಲ. "ಅಪ್ಪಾ, ತಪ್ಪು ಕಲ್ತಿರೋ ಮಕ್ಕಳು ಇನ್ನೂ ಅಲ್ಲೇ ಕೂತಿದಾರೆ. ಒಂದು ಪೀರಿಯಡ್ ಕೊಡು. ನೀನೇ ಹಿಂದಿನ ಬೆಂಚಲ್ಲಿ ಕೂತು ನೋಡು. ಪರದೆಗಿಂತ ನಾನು ಚೆನ್ನಾಗಿ ಕಲಿಸಿದೆ ಅನ್ನಿಸಿದ್ರೆ ನನ್ನ ಕ್ಲಾಸು ನನಗೆ ವಾಪಸ್ ಕೊಡು. ಇಲ್ಲಾಂದ್ರೆ ಈ ಬಾಗಿಲಿಗೆ ಮತ್ತೆ ಬರಲ್ಲ."

ಅವನಿಗೆ ತಮಾಷೆ ಎನಿಸಿರಬೇಕು. "ಆಗ್ಲಿ, ನಾಳೆ ಬನ್ನಿ," ಎಂದ.

ಮರುದಿನ ಮನೆಯಿಂದ ಹೊರಡುವಾಗ ಗಂಡ ಚಪ್ಪಲಿ ತಂದು ಕಾಲ ಮುಂದಿಟ್ಟ. "ಇವತ್ತೊಂದಿನ ತಪ್ಪು ಮಾಡ್ಬೇಡ ಕಣೇ. ಎಲ್ಲಾ ಸರಿಯಾಗಿ ಬರ್ದು ಕೆಲ್ಸ ಗಿಟ್ಟಿಸ್ಕೊಂಡು ಬಾ. ಆಮೇಲೆ ದಿನಾ ಬೇಕಾದಷ್ಟು ತಪ್ಪು ಮಾಡು, ಯಾರ್ ಬೇಡ ಅಂತಾರೆ?"

"ಹೂಂ ರೀ," ಎಂದರು ಟೀಚರು. ಮನಸ್ಸಿನಲ್ಲೂ ಹಾಗೆಯೇ ಇತ್ತು.

ಪರದೆಯ ಪಕ್ಕ ಹಳೆಯ ಬೋರ್ಡು ಇನ್ನೂ ಇತ್ತು. ಕಾಗದದ ಪಟ್ಟಿ ಹಿಡಿದು, ಅರ್ಧ ಎಷ್ಟು, ಮೂರನೇ ಒಂದು ಎಷ್ಟು, ಎರಡನ್ನೂ ಸೇರಿಸಲು ಒಂದೇ ಅಳತೆಯ ತುಂಡು ಏಕೆ ಬೇಕು ಎಂದು ತೋರಿಸಿದರು. ಆರನೇ ಐದು ಬಂತು. ಮಕ್ಕಳು ತಲೆಯಾಡಿಸಿದರು. ಹಿಂದಿನ ಬೆಂಚಿನಲ್ಲಿ ಚಿಕ್ಕ ಯಜಮಾನನೂ ತಲೆಯಾಡಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ತಲೆಯಾಡಿಸುವುದು ಬೇರೆ, ತಿಳಿಯುವುದು ಬೇರೆ. ತಲೆಯನ್ನು ಕುರಿಯೂ ಆಡಿಸುತ್ತದೆ. ಮಕ್ಕಳಿಗೆ ನಿಜವಾಗಿ ತಿಳಿಯಿತೋ ಇಲ್ಲವೋ ಎಂದು ನೋಡದೆ ಬೋರ್ಡು ಒರೆಸುವ ಅಭ್ಯಾಸ ಅವರ ಕೈಗೆ ಇರಲಿಲ್ಲ.

ಅರ್ಧಕ್ಕೆ ಕಾಲು ಕೂಡಿಸಿ, ಆರನೇ ಎರಡು ಎಂದು ಬರೆದರು. "ಸರಿ ತಾನೇ?"

ಅರ್ಧವೂ ಕಾಲೂ ಸೇರಿದರೆ ಮುಕ್ಕಾಲು ಎಂಬುದು ಅಂಗಡಿಗೆ ಹೋಗಿಬರುವ ಮಗುವಿಗೂ ಗೊತ್ತು. ಟೀಚರು ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ, ಒರೆಸುತ್ತಾ ನಿಂತರು.

ಪಿಸುಪಿಸು ಇಲ್ಲ. ಬೆಂಚು ಕಿರುಗುಟ್ಟಲಿಲ್ಲ. ಕೇಳಿದ್ದು ಪೆನ್ಸಿಲ್‌ಗಳ ಸದ್ದು ಮಾತ್ರ, ಎಲೆ ತಿನ್ನುವ ಹುಳುಗಳ ಸದ್ದಿನ ಹಾಗೆ. ಟೀಚರು ಇನ್ನಷ್ಟು ಒರೆಸಿದರು. ಗಾಜಿನಲ್ಲಿ ಒರೆಸಲು ಏನೂ ಉಳಿದಿರಲಿಲ್ಲ. ತಿರುಗಿ ನೋಡಿದರೆ ಎಲ್ಲರೂ ಬರೆದು ಮುಗಿಸಿ ಕೈ ಕಟ್ಟಿ ಕೂತಿದ್ದರು. ಡ್ರೈವರನ ಮಗಳ ಕಡೆ ನೋಡಿದರು. ಅವಳು ಕಣ್ಣು ಕೂಡಿಸಿ, ತಟ್ಟನೆ ತಲೆ ತಗ್ಗಿಸಿದಳು.

ಮುಂದಿನ ಸಾಲಿನಿಂದ ಒಂದು ಕೈ ಎದ್ದಿತು. ಟೀಚರಿಗೆ ಜೀವ ಬಂದಂತಾಯಿತು. "ಹೇಳು ಪುಟ್ಟಾ, ಹೇಳು!"

"ಅಡಿಗೆರೆ ಹಾಕ್ಬೇಕಾ ಮಿಸ್?"

ಆಗ ಹಿಂದಿನ ಬೆಂಚಿನಿಂದ ಚಿಕ್ಕ ಯಜಮಾನ ಎದ್ದು ನಿಂತ. "ಮೇಡಂ, ಅದು ಮುಕ್ಕಾಲಲ್ವಾ? ತಪ್ಪು ಬರ್ದಿದೀರಿ."

ಇಷ್ಟು ವರ್ಷ ಅವರು ಕಾದು ನಿಲ್ಲುತ್ತಿದ್ದ ಮಾತು ಅದು. ಬರಬಾರದ ಬಾಯಿಂದ ಬಂತು. ಶಭಾಷ್ ಎನ್ನಲು ನಾಲಿಗೆ ಏಳಲಿಲ್ಲ. ಬೇಕೆಂದೇ ಬರೆದೆ ಎಂದು ಅವನಿಗೆ ಹೇಳಬಹುದಿತ್ತು. ಹೇಳಿದರೆ ಏನು? ತಪ್ಪು ಬರೆದದ್ದು ನಿಜ, ಯಾರೂ ಹಿಡಿಯದಿದ್ದದ್ದೂ ನಿಜ. ಲೆಕ್ಕ ಚುಕ್ತಾ. ಸೀಮೆಸುಣ್ಣ ಕೆಳಗಿಟ್ಟು, ಆರನೇ ಎರಡನ್ನು ಅಂಗೈಯಿಂದಲೇ ಒರೆಸಿ, ಮುಕ್ಕಾಲು ಎಂದು ಬರೆದು ಹೊರಗೆ ಬಂದರು.

"ಪಾಪ, ವಯಸ್ಸಾಯ್ತು," ಎಂದು ಆತ ಕಾವಲಿನಾಕೆಗೆ ಹೇಳಿದ್ದು ಕಿವಿಗೆ ಬಿತ್ತು.

ಮೆಟ್ಟಿಲ ಹತ್ತಿರ ಡ್ರೈವರನ ಮಗಳು ಓಡಿಬಂದಳು. ನೀರು ಕುಡಿಯುವ ನೆಪ, ಕೈಯಲ್ಲಿ ಬಾಟಲಿ.

"ಟೀಚರ್, ನನಗ್ಗೊತ್ತಿತ್ತು. ಮುಕ್ಕಾಲು ಅಂತ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲಮ್ಮ?"

"ಪಾಠದ ಮಧ್ಯೆ ಬಾಯಿ ತೆಗೆದ್ರೆ ಶಿಸ್ತಿನ ಮಾರ್ಕ್ ಕಳೀತಾರೆ ಟೀಚರ್. ನಂದು ಆಗ್ಲೇ ಎರಡು ಹೋಗಿದೆ."

"ಎರಡು ಯಾಕೆ ಹೋಯ್ತು?"

"ನಿನ್ನೆ ನಿಮ್ಮ ಇನ್ನೊಂದು ವಿಡಿಯೋ ಹಾಕಿದ್ರಲ್ಲ, ಅದ್ರಲ್ಲೂ ತಪ್ಪಿತ್ತು, ಎದ್ದು 'ತಪ್ಪು ಟೀಚರ್' ಅಂದೆ."

ಟೀಚರು ಅವಳ ತಲೆ ಸವರಲು ಕೈ ಎತ್ತಿದರು. ಅಂಗೈ ತುಂಬ ಸೀಮೆಸುಣ್ಣದ ಪುಡಿ. ಕೈ ಅಲ್ಲೇ ನಿಂತಿತು. ಪಕ್ಕದ ಕ್ಲಾಸಿನ ಬಾಗಿಲಿನಿಂದ ಅವರದೇ ದನಿ, ಎಲ್ಲೂ ತಡೆಯದೆ, ಎಲ್ಲೂ ಎಡವದೆ, ಒಂದಾದ ಮೇಲೊಂದು ಲೆಕ್ಕ ಬಿಡಿಸುತ್ತಾ ಹೋಗುತ್ತಿತ್ತು.

"ಹೋಗಮ್ಮ ಒಳಗೆ," ಎಂದರು. "ಇನ್ನೊಂದು ಮಾರ್ಕ್ ಹೋದೀತು."